ದೇವರಿಗೆ ಒಪ್ಪಿಸಿದ ಮೇಲೂ ವೈದ್ಯರ ಬಳಿ ಹೋಗಬಹುದೇ?

ಪ್ರಶ್ನೆ: ನಾನು ಕಾರವಾರದ ಹತ್ತಿರದ ಊರಿನವಳು. ವಯಸ್ಸು 41, ಖಾಸಗಿ ಶಾಲೆಯಲ್ಲಿ ಶಿಕ್ಷಕಿ. ನಮ್ಮದು ಕೊಂಕಣಿ ಮಾತನಾಡುವ ಕಥೋಲಿಕ ಕುಟುಂಬ. ಗಂಡ ಮಡಗಾಂವ್ ಕಡೆ ಎಲೆಕ್ಟ್ರಿಕಲ್ ಕೆಲಸಕ್ಕೆ ರೈಲಿನಲ್ಲಿ ಹೋಗಿಬರುತ್ತಾರೆ. ಕುಡಿತ ಮೊದಲಿನಿಂದಲೂ ಇತ್ತು, ಈಗ ಎರಡು ವರ್ಷಗಳಿಂದ ದಿನವೂ ಇದೆ. ಬೆಳಿಗ್ಗೆ ಕೈ ನಡುಗುತ್ತದೆ ಎಂದು ಒಂದಿಷ್ಟು ಕುಡಿದೇ ಮನೆ ಬಿಡುತ್ತಾರೆ. ಕುಡಿಯದಿದ್ದಾಗ ಅವರಷ್ಟು ಒಳ್ಳೆಯವರಿಲ್ಲ. ಕಳೆದ ವರ್ಷ ಎರಡು ಸಲ ನನ್ನ ಮೇಲೆ ಕೈ ಮಾಡಿದರು. ಎರಡನೆಯ ಸಲ ಪಿಯುಸಿ ಓದುವ ಮಗ ನಡುವೆ ಬಂದು ನಿಂತ. ಅಂದಿನಿಂದ ಅವನು ಸಂಜೆಯ ಜಪಸರಕ್ಕೆ ಕೂರುವುದಿಲ್ಲ, ಭಾನುವಾರದ ಪೂಜೆಗೂ ಬರುವುದಿಲ್ಲ. ಹತ್ತನೆಯ ತರಗತಿಯ ಮಗಳು ಮಾತು ಕಡಿಮೆ ಮಾಡಿದ್ದಾಳೆ. ಅತ್ತೆ ಚಂದಾವರದ ಸಂತ ಫ್ರಾನ್ಸಿಸ್ ಝೇವಿಯರರಿಗೆ ಹರಕೆ ಹೊತ್ತಿದ್ದಾರೆ. ‘ಇದು ನಿನ್ನ ಶಿಲುಬೆ, ಹೊತ್ತುಕೋ’ ಎನ್ನುತ್ತಾರೆ. ಧ್ಯಾನಕೂಟಕ್ಕೆ ಹೋದಾಗ ಒಬ್ಬರು, ‘ನೀನು ಸಂಪೂರ್ಣವಾಗಿ ದೇವರಿಗೆ ಶರಣಾಗಿಲ್ಲ, ಅದಕ್ಕೇ ಗಂಡ ಬದಲಾಗುತ್ತಿಲ್ಲ’ ಎಂದರು. ಪ್ರತಿ ರಾತ್ರಿ ಎಲ್ಲವನ್ನೂ ದೇವರಿಗೆ ಒಪ್ಪಿಸುತ್ತೇನೆ. ಆಮೇಲೂ ಬೈಕಿನ ಸದ್ದಿಗೆ ಕಿವಿಗೊಟ್ಟು ಕುಳಿತಿರುತ್ತೇನೆ. ಪಕ್ಕದ ಮನೆಯವರು ಕುಡಿತ ಬಿಡಿಸುವ ಮಾತ್ರೆ ತಂದುಕೊಟ್ಟು, ಗೊತ್ತಾಗದಂತೆ ಚಹಾದಲ್ಲಿ ಹಾಕು ಎಂದಿದ್ದಾರೆ. ಹಾಕಲೇ? ವೈದ್ಯರ ಬಳಿ ಹೋದರೆ ದೇವರ ಮೇಲೆ ಭರವಸೆ ಇಲ್ಲವೆಂದು ಆಗುತ್ತದೆಯೇ? ಶರಣಾಗುವುದು ಎಂದರೆ ಇದನ್ನೆಲ್ಲ ನುಂಗಿಕೊಂಡು ಇರುವುದೇ?

ಉತ್ತರ: ಮೊದಲು ಮಾತ್ರೆಯ ವಿಷಯ ಹೇಳಿಬಿಡುತ್ತೇನೆ, ಉಳಿದದ್ದಕ್ಕೆಲ್ಲ ಸಮಯವಿದೆ. ಚಹಾದಲ್ಲಿ ಹಾಕಬೇಡಿ. ಸಾರಿನಲ್ಲೂ ಬೇಡ, ಎಲ್ಲಿಯೂ ಬೇಡ. ಹೀಗೆ ಕೈಯಿಂದ ಕೈಗೆ ಓಡಾಡುವ ಮಾತ್ರೆ ಸಾಮಾನ್ಯವಾಗಿ ಡೈಸಲ್ಫಿರಾಮ್ ಆಗಿರುತ್ತದೆ. ಮದ್ಯ ದೇಹದಲ್ಲಿ ಕರಗುವ ಹಾದಿಯಲ್ಲಿ ಅಸಿಟಾಲ್ಡಿಹೈಡ್ ಎಂಬ ವಿಷವಸ್ತು ಹುಟ್ಟುತ್ತದೆ. ಆರೋಗ್ಯವಂತ ಯಕೃತ್ತು ಅದನ್ನು ಬೇಗ ಹೊರದಾರಿಗೆ ಹಚ್ಚುತ್ತದೆ. ಈ ಮಾತ್ರೆ ಆ ದಾರಿಯನ್ನೇ ಮುಚ್ಚುತ್ತದೆ. ಮಾತ್ರೆ ಹೊಟ್ಟೆಯಲ್ಲಿರುವಾಗ ಕುಡಿದರೆ ಮುಖ ಕೆಂಪೇರುತ್ತದೆ, ತಲೆ ಸಿಡಿಯುತ್ತದೆ, ವಾಂತಿಯಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಹೃದಯ ದುರ್ಬಲವಿದ್ದರೆ ಪ್ರಾಣವೇ ಹೋಗಬಹುದು. ಕೊನೆಯ ಮಾತ್ರೆ ತೆಗೆದುಕೊಂಡು ಎರಡು ವಾರಗಳಾದರೂ ಈ ಪರಿಣಾಮ ಉಳಿದಿರಬಹುದು. ಮನೋವೈದ್ಯರು ಈ ಔಷಧವನ್ನು ಕೊಡುವುದುಂಟು. ಆದರೆ ಯಕೃತ್ತು, ಹೃದಯ ಪರೀಕ್ಷಿಸಿ, ಕುಡಿತ ಪೂರ್ತಿ ನಿಂತ ಮೇಲೆ, ರೋಗಿಗೆ ವಿವರಿಸಿ, ಅವನೇ ಒಪ್ಪಿದಾಗ ಮಾತ್ರ. ನಿಮ್ಮ ಗಂಡ ಬೆಳಿಗ್ಗೆಯೇ ಕುಡಿಯುವವರು. ಅವರ ಚಹಾಕ್ಕೆ ಇದನ್ನು ಬೆರೆಸಿದರೆ ರೈಲಿನಲ್ಲೇ ಕುಸಿದುಬಿದ್ದಾರು. ಪ್ರಾಣ ಉಳಿದರೂ, ಗುಟ್ಟು ತಿಳಿದ ದಿನದಿಂದ ಅವರು ನಿಮ್ಮ ಕೈಯ ಊಟವನ್ನು ನಂಬುವುದಿಲ್ಲ. ಪಕ್ಕದ ಮನೆಯವರ ಮನಸ್ಸು ಒಳ್ಳೆಯದೇ ಇರಬಹುದು. ಮಾತ್ರೆಯನ್ನು ಹಿಂದಿರುಗಿಸಿ.

ಇನ್ನು ನಿಮ್ಮ ಮುಖ್ಯ ಸಂಕಟಕ್ಕೆ ಬರೋಣ. ಕರಾವಳಿಯ ಕ್ರೈಸ್ತ ಕುಟುಂಬಗಳ ನಡುವೆ ಆಪ್ತಸಮಾಲೋಚಕಿಯಾಗಿ ಬಹಳ ಕಾಲದಿಂದ ಕೆಲಸ ಮಾಡುತ್ತಿದ್ದೇನೆ. ‘ದೇವರಿಗೆ ಒಪ್ಪಿಸಿಬಿಡು’ ಎಂಬ ಮಾತಿನಿಂದ ಬದುಕಿಕೊಂಡವರನ್ನೂ ಕಂಡಿದ್ದೇನೆ, ಅದೇ ಮಾತಿನಿಂದ ಬಾಯಿ ಮುಚ್ಚಿಸಿಕೊಂಡವರನ್ನೂ ಕಂಡಿದ್ದೇನೆ. ನಿಮಗೆ ಆಗಿರುವುದು ಎರಡನೆಯದು. ಗಂಡನ ಕುಡಿತ, ನಿಮ್ಮ ವಿಶ್ವಾಸ, ಮಗನ ಸಿಟ್ಟು, ಈ ಮೂರನ್ನು ಒಂದೇ ಗಂಟು ಹಾಕಿ ನಿಮ್ಮ ತಲೆಯ ಮೇಲೆ ಇಟ್ಟಿದ್ದಾರೆ. ಗಂಟು ಬಿಚ್ಚಿ ಒಂದೊಂದನ್ನೇ ನೋಡೋಣ.

ನೀವು ಪೂರ್ತಿ ಶರಣಾದರೆ ಗಂಡ ಕುಡಿತ ಬಿಡುತ್ತಾರೆ ಎಂಬ ಲೆಕ್ಕ ಶುಭಸಂದೇಶದಲ್ಲಿ ಇಲ್ಲ. ಯೇಸು ಜೆರುಸಲೇಮ್ ನಗರವನ್ನು ಉದ್ದೇಶಿಸಿ ಹೇಳಿದ ಮಾತನ್ನು ಸಂತ ಮತ್ತಾಯನ 23ನೆಯ ಅಧ್ಯಾಯದಲ್ಲಿ ಇನ್ನೊಮ್ಮೆ ಓದಿ. ಕೋಳಿ ತನ್ನ ಮರಿಗಳನ್ನು ರೆಕ್ಕೆಯಡಿ ಸೇರಿಸಿಕೊಳ್ಳುವಂತೆ ನಿನ್ನ ಮಕ್ಕಳನ್ನು ಸೇರಿಸಿಕೊಳ್ಳಲು ಎಷ್ಟೋ ಸಲ ಬಯಸಿದೆ, ನೀವೇ ಒಪ್ಪಲಿಲ್ಲ ಎನ್ನುತ್ತಾರೆ. ತಂದೆಗೆ ಅವರಿಗಿಂತ ಹೆಚ್ಚು ಶರಣಾದವರು ಯಾರಿದ್ದಾರೆ? ಆದರೂ ಜೆರುಸಲೇಮ್ ಒಪ್ಪಲಿಲ್ಲ. ಇನ್ನೊಬ್ಬರ ಮನಸ್ಸಿನ ಬಾಗಿಲು ಒಳಗಿನಿಂದಲೇ ತೆರೆಯಬೇಕು. ಅದನ್ನು ಪ್ರಭು ಕೂಡ ಒಡೆಯಲಿಲ್ಲ. ಹಾಗಿರುವಾಗ ನಿಮ್ಮ ಗಂಡ ಬದಲಾಗದ್ದಕ್ಕೆ ನಿಮ್ಮ ಪ್ರಾರ್ಥನೆಯ ಕೊರತೆ ಕಾರಣ ಎಂದವರು ಎಷ್ಟೇ ಗಟ್ಟಿಯಾಗಿ ‘ಹಲ್ಲೆಲೂಯಾ’ ಹೇಳುವವರಾಗಿರಲಿ, ಈ ವಿಷಯದಲ್ಲಿ ಅವರ ಮಾತು ತಪ್ಪು.

ಒಪ್ಪಿಸುವುದಕ್ಕೆ ನಮ್ಮಲ್ಲಿ ಯಾವಾಗಲೂ ಕೊಡುವ ಎರಡು ಉದಾಹರಣೆಗಳಿವೆ: ಗೆತ್ಸೆಮನಿಯ ಯೇಸು, ನಜರೇತಿನ ಮರಿಯಳು. ಎರಡನ್ನೂ ಅರ್ಧಕ್ಕೆ ನಿಲ್ಲಿಸಿ ಹೇಳುವುದೇ ರೂಢಿಯಾಗಿದೆ. ‘ನನ್ನ ಚಿತ್ತದಂತೆ ಅಲ್ಲ, ನಿನ್ನ ಚಿತ್ತದಂತೆ ಆಗಲಿ’ ಎನ್ನುವ ಮೊದಲು ಯೇಸು, ಸಾಧ್ಯವಾದರೆ ಈ ಪಾತ್ರೆ ನನ್ನಿಂದ ದೂರವಾಗಲಿ ಎಂದು ಬಾಯಿಬಿಟ್ಟು ಬೇಡಿದರು. ಒಂದು ಸಲವಲ್ಲ, ಮೂರು ಸಲ. ಒಬ್ಬರೇ ಕೂತು ಬೇಡಲೂ ಇಲ್ಲ. ಪೇತ್ರ, ಯಕೋಬ, ಯೊವಾನ್ನರನ್ನು ಕರೆದೊಯ್ದು, ನನ್ನ ಜೊತೆ ಎಚ್ಚರವಿರಿ ಎಂದು ಕೇಳಿಕೊಂಡರು. ಅವರು ನಿದ್ದೆ ಹೋದರು, ಅದು ಬೇರೆ ಮಾತು. ಮರಿಯಳೂ ‘ಇಗೋ, ನಾನು ಪ್ರಭುವಿನ ದಾಸಿ’ ಎನ್ನುವ ಮೊದಲು ದೂತನನ್ನೇ ‘ಇದು ಹೇಗಾದೀತು?’ ಎಂದು ಪ್ರಶ್ನಿಸಿದಳು. ಉತ್ತರ ಸಿಕ್ಕ ಮೇಲೆ ಒಪ್ಪಿದಳು. ಬೇಡುವುದು, ಪ್ರಶ್ನಿಸುವುದು, ಜೊತೆಗೆ ಯಾರಾದರೂ ಇರಲಿ ಎಂದು ಬಯಸುವುದು ಶರಣಾಗತಿಗೆ ವಿರೋಧವಾದವುಗಳಲ್ಲ. ಅದರ ಒಳಗೇ ಇರುವಂಥವು.

ಇನ್ನು ಶಿಲುಬೆ. ನಿಮ್ಮ ಅತ್ತೆಯ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಅವರ ಕಾಲದಲ್ಲಿ ಹೆಂಗಸಿಗೆ ಉಳಿದ ದಾರಿ ಅದೊಂದೇ ಆಗಿದ್ದಿರಬೇಕು. ತಾವು ಹೊತ್ತದ್ದನ್ನು ವ್ಯರ್ಥವಾಯಿತು ಎನ್ನಲು ಯಾರಿಗೂ ಮನಸ್ಸು ಬರುವುದಿಲ್ಲ. ಆದರೆ ಶಿಲುಬೆ ಹೊತ್ತು ನನ್ನನ್ನು ಹಿಂಬಾಲಿಸು ಎಂದ ಪ್ರಭುವಿನ ಕೆನ್ನೆಗೆ ಪ್ರಧಾನ ಯಾಜಕನ ಮುಂದೆ ಕಾವಲಿನವನೊಬ್ಬ ಹೊಡೆದಾಗ ಅವರು ಸುಮ್ಮನಿರಲಿಲ್ಲ. ನಾನು ಸರಿಯಾಗಿಯೇ ಮಾತನಾಡಿದ್ದರೆ ನನ್ನನ್ನು ಏಕೆ ಹೊಡೆಯುತ್ತೀ ಎಂದು ಕೇಳಿದರು. ಸಂತ ಯೊವಾನ್ನನ 18ನೆಯ ಅಧ್ಯಾಯದಲ್ಲಿದೆ. ಹೆರೋದನಿಂದ ಮಗುವಿನ ಪ್ರಾಣಕ್ಕೆ ಅಪಾಯವಿದೆ ಎಂದು ತಿಳಿದಾಗ ಜೋಸೆಫ್ ‘ದೇವರ ಚಿತ್ತ’ ಎಂದು ಮನೆಯಲ್ಲೇ ಕೂರಲಿಲ್ಲ, ಅದೇ ರಾತ್ರಿ ತಾಯಿ ಮಗುವನ್ನು ಕರೆದುಕೊಂಡು ಈಜಿಪ್ಟಿಗೆ ಹೊರಟುಬಿಟ್ಟ. ದೇವರ ಚಿತ್ತವೇ ‘ಓಡು’ ಎಂದಾಗಿತ್ತು. ಮದುವೆಯ ಪೂಜೆಯಲ್ಲಿ ಓದುವ ಎಫೆಸಿಯರ ಪತ್ರದ 5ನೆಯ ಅಧ್ಯಾಯವೂ ಅಷ್ಟೇ. ಹೆಂಡತಿ ಗಂಡನಿಗೆ ಅಧೀನಳಾಗಿರಲಿ ಎಂಬ 22ನೆಯ ವಾಕ್ಯ ಎಲ್ಲರಿಗೂ ಬಾಯಿಪಾಠ. ಅದರ ಹಿಂದಿನ ವಾಕ್ಯ ಇಬ್ಬರೂ ಒಬ್ಬರಿಗೊಬ್ಬರು ಅಧೀನರಾಗಿರಿ ಎನ್ನುತ್ತದೆ. 25ನೆಯ ವಾಕ್ಯ ಕ್ರಿಸ್ತನು ಧರ್ಮಸಭೆಗಾಗಿ ಪ್ರಾಣ ಕೊಟ್ಟಂತೆ ಗಂಡ ಹೆಂಡತಿಯನ್ನು ಪ್ರೀತಿಸಲಿ ಎನ್ನುತ್ತದೆ. ಮೇಲಿನದನ್ನೂ ಕೆಳಗಿನದನ್ನೂ ಬಿಟ್ಟು ನಡುವಿನದನ್ನೊಂದೇ ಹಿಡಿದುಕೊಳ್ಳುವ ಗಂಡಸರಿಗೆ ನಮ್ಮಲ್ಲಿ ಕೊರತೆಯಿಲ್ಲ.

ಈಗ ಕುಡಿತ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ತಡೆದು ನಿಲ್ಲಿಸಿದ ಸಾಲು ಬೆಳಿಗ್ಗೆ ಕೈ ನಡುಗುವುದು. ಇದು ಚಟದ ಹಂತ ದಾಟಿ ದೇಹವೇ ಮದ್ಯಕ್ಕೆ ಒಗ್ಗಿಹೋದ ಲಕ್ಷಣ. ವರ್ಷಗಟ್ಟಲೆ ಮದ್ಯ ಮಿದುಳನ್ನು ಮಂಕುಗೊಳಿಸುತ್ತಿದ್ದರೆ, ಮಿದುಳು ಅದಕ್ಕೆ ಎದುರಾಗಿ ತನ್ನ ಉದ್ರೇಕವನ್ನು ಹೆಚ್ಚಿಸಿಕೊಂಡು ಸಮತೋಲ ಕಾಯ್ದುಕೊಳ್ಳುತ್ತದೆ. ರಾತ್ರಿಯ ಮದ್ಯ ಇಳಿದಾಗ ಆ ಉದ್ರೇಕ ಮಾತ್ರ ಉಳಿಯುತ್ತದೆ. ನಡುಕ, ಬೆವರು, ಚಡಪಡಿಕೆ ಅಲ್ಲಿಂದಲೇ ಬರುತ್ತವೆ. ಇಂಥವರು ಒಮ್ಮೆಲೇ ಪೂರ್ತಿ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ಬುದ್ಧಿಭ್ರಮಣೆ ಉಂಟಾಗುತ್ತದೆ: ಇಲ್ಲದ್ದು ಕಾಣುತ್ತದೆ, ಇಲ್ಲದ ದನಿ ಕೇಳುತ್ತದೆ, ಗೋಡೆಯ ಮೇಲೆ ಹುಳ ಹರಿಯುತ್ತಿದೆ ಎಂದು ಕಿರುಚುತ್ತಾರೆ, ಮೈ ಸುಡುತ್ತದೆ. ಚಿಕಿತ್ಸೆ ಸಿಗದಿದ್ದರೆ ಇದು ಪ್ರಾಣಾಂತಿಕ.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ದಿನವೂ ಕುಡಿಯುವವನನ್ನು ಮನವೊಲಿಸಿ ನೇರವಾಗಿ ಧ್ಯಾನಕೂಟಕ್ಕೆ ಕರೆದೊಯ್ಯುತ್ತಾರೆ. ಅಲ್ಲಿ ಮದ್ಯವಿಲ್ಲ. ಮೂರನೆಯ ದಿನ ಅವನು ಕೂಗಾಡತೊಡಗುತ್ತಾನೆ. ಸುತ್ತಲಿನವರಿಗೆ ಅದು ದೆವ್ವ ಬಿಡುವಾಗಿನ ಆರ್ಭಟದಂತೆ ಕಾಣುತ್ತದೆ, ಇನ್ನೂ ಜೋರಾಗಿ ಪ್ರಾರ್ಥಿಸುತ್ತಾರೆ. ಆ ಹೊತ್ತಿಗೆ ಬೇಕಾದದ್ದು ಆಂಬುಲೆನ್ಸ್. ಧ್ಯಾನಕೂಟದಿಂದ ಬಂದ ಮೇಲೆ ಕುಡಿತ ಬಿಟ್ಟವರು ನನಗೆ ಗೊತ್ತು, ಅವರ ಸಾಕ್ಷ್ಯ ಸುಳ್ಳಲ್ಲ. ಹಳೆಯ ಗೆಳೆಯರಿಂದ ದೂರವಿದ್ದದ್ದು, ತನ್ನಂಥವರ ಕತೆ ಕೇಳಿದ್ದು, ದೇವರ ಮುಂದೆ ಅತ್ತದ್ದು, ಇವೆಲ್ಲ ಮನುಷ್ಯನನ್ನು ತಿರುಗಿಸಬಲ್ಲವು. ಆದರೆ ಮೊದಲು ಆಸ್ಪತ್ರೆ, ಆಮೇಲೆ ಧ್ಯಾನಕೂಟ. ಈ ಕ್ರಮ ತಪ್ಪಬಾರದು. ಅವರ ಬಾಟಲಿಯನ್ನು ನೀವಾಗಿಯೇ ಬಚ್ಚಲಿಗೆ ಸುರಿಯುವುದೂ ಇದೇ ಕಾರಣಕ್ಕೆ ಅಪಾಯಕರ.

ವೈದ್ಯರ ಬಳಿ ಹೋಗುವುದು ಅವಿಶ್ವಾಸವಲ್ಲವೇ ಎಂಬುದಕ್ಕೆ ಕಥೋಲಿಕ ಬೈಬಲ್ಲೇ ಉತ್ತರ ಕೊಟ್ಟಿದೆ. ಸಿರಾಖನ ಗ್ರಂಥದ 38ನೆಯ ಅಧ್ಯಾಯ ವೈದ್ಯನನ್ನು ಗೌರವಿಸು, ಅವನನ್ನೂ ದೇವರೇ ಸೃಷ್ಟಿಸಿದ್ದು ಎನ್ನುತ್ತದೆ. ಕಾಯಿಲೆಯಾದಾಗ ಪ್ರಾರ್ಥನೆ ಮಾಡು, ಆಮೇಲೆ ವೈದ್ಯನಿಗೂ ಜಾಗ ಕೊಡು ಎಂದು ಅಲ್ಲಿ ಬರೆದಿದೆ.

ನಮ್ಮ ಕಡೆ ಇನ್ನೊಂದು ನಂಬಿಕೆ ಬಲವಾಗಿದೆ. ತಪಸ್ಸುಕಾಲದ ನಲವತ್ತು ದಿನ ಮುಟ್ಟುವುದಿಲ್ಲ, ಹಾಗಾದರೆ ಅವನಿಗೆ ಚಟವೇ ಇಲ್ಲ ಎನ್ನುತ್ತಾರೆ. ಬೂದಿ ಬುಧವಾರದಿಂದ ಹಲ್ಲು ಕಚ್ಚಿ ಹಿಡಿದು, ಈಸ್ಟರ್ ರಾತ್ರಿಯ ಪೂಜೆ ಮುಗಿಯುತ್ತಿದ್ದಂತೆ ಬಾಟಲಿ ಹುಡುಕುವವನ ಮನಸ್ಸು ಆ ನಲವತ್ತು ದಿನವೂ ಬಾಟಲಿಯ ಸುತ್ತಲೇ ಇರುತ್ತದೆ. ತಾತ್ಕಾಲಿಕವಾಗಿ ನಿಲ್ಲಿಸಲು ಆಗುವುದಕ್ಕೂ ಕಾಯಿಲೆ ಇಲ್ಲದಿರುವುದಕ್ಕೂ ಸಂಬಂಧವಿಲ್ಲ. ಮಾಜಾಳಿಯಿಂದ ಆಚೆ ಗೋವಾ ಗಡಿ ದಾಟಿದರೆ ಮದ್ಯ ಅಗ್ಗ, ನಾಮಕರಣದಿಂದ ಹಿಡಿದು ಇಗರ್ಜಿಯ ಹಬ್ಬದವರೆಗೆ ಗ್ಲಾಸು ತುಂಬದಿದ್ದರೆ ಆತಿಥ್ಯವೇ ಅಲ್ಲ ಎನ್ನುವ ಸಮಾಜ ನಮ್ಮದು. ಕುಡಿಸಿದವರೇ ಕುಡುಕ ಎಂದು ಬೆರಳು ತೋರಿಸುತ್ತಾರೆ. ಇದೂ ಹೇಳಬೇಕಾದ ಮಾತೇ.

ಚಿಕಿತ್ಸೆ ಹೇಗಿರುತ್ತದೆ ಎಂದರೆ, ಆರಂಭದ ಒಂದು ವಾರ ಹತ್ತು ದಿನ ಆಸ್ಪತ್ರೆಯಲ್ಲಿಟ್ಟು, ನಡುಕ ಮತ್ತು ಫಿಟ್ಸ್ ತಡೆಯುವ ಔಷಧ ಕೊಟ್ಟು ನಿಧಾನವಾಗಿ ಇಳಿಸುತ್ತಾರೆ. ಜೊತೆಗೆ ಥಯಾಮಿನ್, ಅಂದರೆ ಬಿ1 ವಿಟಮಿನ್ ಚುಚ್ಚುಮದ್ದು ಕೊಡುತ್ತಾರೆ. ಅದರ ಕೊರತೆ ನೆನಪಿನ ಶಕ್ತಿಯನ್ನು ಶಾಶ್ವತವಾಗಿ ಹಾಳುಮಾಡಬಲ್ಲದು. ಅಸಲಿ ಕೆಲಸ ಶುರುವಾಗುವುದು ಆಮೇಲೆ: ಆಸೆ ತಗ್ಗಿಸುವ ಮಾತ್ರೆ, ಆಪ್ತಸಮಾಲೋಚನೆ, ಮದ್ಯವ್ಯಸನಿಗಳ ಅನಾಮಧೇಯ ಕೂಟ (ಆಲ್ಕೊಹಾಲಿಕ್ಸ್ ಅನಾನಿಮಸ್). ಈ ಕೂಟ 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರಿಂದ ಶುರುವಾದದ್ದು. ಅದರ ಹನ್ನೆರಡು ಹೆಜ್ಜೆಗಳಲ್ಲಿ ಮೂರನೆಯದು ನಮ್ಮ ಇಚ್ಛೆಯನ್ನೂ ಬಾಳನ್ನೂ ದೇವರ ಆರೈಕೆಗೆ ಒಪ್ಪಿಸುವ ನಿರ್ಧಾರ. ಶರಣಾಗಬೇಕಾದವರು ಅಲ್ಲಿ ಯಾರು, ನೋಡಿ: ಕುಡಿಯುವವನು. ಒಪ್ಪಿಸಿ ಕೈಕಟ್ಟಿ ಕೂರುವುದಕ್ಕೂ ಅಲ್ಲಿ ಅವಕಾಶವಿಲ್ಲ. ಉಳಿದ ಹೆಜ್ಜೆಗಳಲ್ಲಿ ತಪ್ಪು ಪಟ್ಟಿ ಮಾಡಬೇಕು, ನೋಯಿಸಿದವರಲ್ಲಿ ಸರಿಪಡಿಸಿಕೊಳ್ಳಬೇಕು. ಮರಳಿ ಜಾರುವವರು ಬಹಳ. ಒಂದು ಸಲ ಜಾರಿದರೆ ಚಿಕಿತ್ಸೆ ವ್ಯರ್ಥವಾಯಿತು ಎಂದಲ್ಲ. ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟವರಿಗೆ ಸಕ್ಕರೆ ಏರಿದರೆ ನಾವು ಅವರ ವಿಶ್ವಾಸವನ್ನು ಅಳೆಯುವುದಿಲ್ಲವಲ್ಲ.

ಕುಡಿತಕ್ಕೆ ಕಾಯಿಲೆ ಎಂಬ ಹೆಸರಿದೆ. ಹೊಡೆತಕ್ಕೆ ಇಲ್ಲ. ಕುಡಿದು ಮನೆಗೆ ಬರುವ ಎಷ್ಟೋ ಮಂದಿ ಯಾರ ಮೇಲೂ ಕೈ ಮಾಡದೆ ಮಲಗುತ್ತಾರೆ. ಹೊಡೆಯುವವರು ಕೂಡ ದಾರಿಯಲ್ಲಿ ಸಿಕ್ಕ ಪೊಲೀಸರನ್ನು ಹೊಡೆಯುವುದಿಲ್ಲ, ಮನೆಯವರೆಗೆ ಕಾದು ಹೆಂಡತಿಯನ್ನು ಹೊಡೆಯುತ್ತಾರೆ. ಆದ್ದರಿಂದ ಎರಡು ಸಲ ಮಾತ್ರ ಎಂಬ ಮಾತನ್ನು ನಾನು ಸಮಾಧಾನವಾಗಿ ತೆಗೆದುಕೊಳ್ಳುವುದಿಲ್ಲ. ಅವರು ಎಂದಾದರೂ ಕತ್ತು ಹಿಸುಕಿದ್ದರೆ, ಕೊಲ್ಲುತ್ತೇನೆ ಎಂದಿದ್ದರೆ, ಅದನ್ನು ಪತ್ರದಲ್ಲಿ ಬರೆಯದೆ ಬಿಟ್ಟಿದ್ದರೆ, ಈ ಉತ್ತರದ ಉಳಿದ ಭಾಗಕ್ಕೆ ಕಾಯಬೇಡಿ. ಇವತ್ತೇ ತವರಿಗೋ ಅಕ್ಕತಂಗಿಯರ ಮನೆಗೋ ಹೋಗಿ. 112 ಪೊಲೀಸ್ ಸಹಾಯಕ್ಕೆ, 181 ಮಹಿಳಾ ಸಹಾಯವಾಣಿಗೆ.

2005ರ ಕೌಟುಂಬಿಕ ಹಿಂಸಾಚಾರ ತಡೆ ಕಾಯ್ದೆ ನೀವು ವಾಸವಿರುವ ಮನೆಯಲ್ಲೇ ಉಳಿಯುವ ಹಕ್ಕನ್ನು ನಿಮಗೆ ಕೊಡುತ್ತದೆ, ಮನೆ ಅತ್ತೆಯ ಹೆಸರಿನಲ್ಲಿದೆ ಎಂದು ನಿಮ್ಮನ್ನು ಸುಮ್ಮನೆ ಹೊರಹಾಕಲು ಬರುವುದಿಲ್ಲ. ಕಾಯ್ದೆಯ ಪ್ರಕಾರ ನೆರವಾಗಬೇಕಾದ ರಕ್ಷಣಾಧಿಕಾರಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯಲ್ಲಿ ಸಿಗುತ್ತಾರೆ. ದೂರು ಎಂದರೆ ವಿಚ್ಛೇದನ ಎಂದು ಬಹಳ ಮಂದಿ ಹೆದರುತ್ತಾರೆ. ಇನ್ನು ಮುಂದೆ ಹೊಡೆಯಬಾರದು ಎಂಬ ರಕ್ಷಣಾ ಆದೇಶವನ್ನಷ್ಟೇ ಕೇಳಬಹುದು.

ಮನೆ ಬಿಟ್ಟರೆ ಮದುವೆಯ ಸಂಸ್ಕಾರ ಮುರಿದಂತಾಗುತ್ತದೆ, ಪರಮಪ್ರಸಾದ ಸಿಗುವುದಿಲ್ಲ ಎಂದು ಯಾರಾದರೂ ಹೆದರಿಸಿದರೆ ನಂಬಬೇಡಿ. ಕಥೋಲಿಕ ಧರ್ಮಸಭೆಯ ಕಾನೂನಿನ 1153ನೆಯ ವಿಧಿ, ಸಂಗಾತಿಯಿಂದ ದೇಹಕ್ಕೋ ಆತ್ಮಕ್ಕೋ ಗಂಭೀರ ಅಪಾಯವಿದ್ದರೆ, ಮಕ್ಕಳಿಗೆ ಅಪಾಯವಿದ್ದರೂ, ಬೇರೆಯಾಗಿ ಇರಬಹುದು ಎನ್ನುತ್ತದೆ. ಸಾಮಾನ್ಯವಾಗಿ ಧರ್ಮಾಧ್ಯಕ್ಷರ (ಬಿಷಪ್) ಅನುಮತಿ ಬೇಕು. ತಡಮಾಡಿದರೆ ಅಪಾಯವಿದೆ ಎಂದಾಗ ಸ್ವಂತ ನಿರ್ಧಾರದಿಂದಲೇ ಹೊರಡಬಹುದು. ಪೋಪ್ ಫ್ರಾನ್ಸಿಸ್ 2016ರಲ್ಲಿ ಕುಟುಂಬದ ಬಗ್ಗೆ ಬರೆದ ಪ್ರಬೋಧನಪತ್ರದಲ್ಲಿ, ಹಿಂಸೆಯಿಂದ ದುರ್ಬಲ ಸಂಗಾತಿಯನ್ನೂ ಚಿಕ್ಕ ಮಕ್ಕಳನ್ನೂ ಪಾರುಮಾಡಲು ಬೇರೆಯಾಗುವುದು ಕೆಲವೊಮ್ಮೆ ನೈತಿಕವಾಗಿಯೇ ಅಗತ್ಯ ಎಂದಿದ್ದಾರೆ. ಬೇರೆಯಾಗಿರುವ ಕಾರಣಕ್ಕೆ ಯಾರೂ ಪರಮಪ್ರಸಾದದಿಂದ ಹೊರಗಾಗುವುದಿಲ್ಲ.

ಹೊರಡುವುದರಲ್ಲೂ ಅಪಾಯವಿದೆ, ಅದನ್ನು ಮುಚ್ಚಿಡುವುದಿಲ್ಲ. ಹಿಡಿತ ತಪ್ಪುತ್ತಿದೆ ಎಂದು ಕಂಡಾಗ ಹಿಂಸೆ ಹೆಚ್ಚುವುದು ಸಾಮಾನ್ಯ. ಆದ್ದರಿಂದ ‘ಹೋಗುತ್ತೇನೆ’ ಎಂದು ಜಗಳದ ನಡುವೆ ಬೆದರಿಸಬೇಡಿ. ಆಧಾರ್, ಮಕ್ಕಳ ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್, ಒಂದಿಷ್ಟು ನಗದು, ಎರಡು ಜೊತೆ ಬಟ್ಟೆ ನಂಬಿಕಸ್ಥರ ಮನೆಯಲ್ಲಿ ಇರಲಿ. ನಿಮ್ಮ ಸಂಬಳ ನಿಮ್ಮ ಖಾತೆಗೇ ಬರಲಿ, ಎಟಿಎಂ ಕಾರ್ಡು ನಿಮ್ಮ ಬಳಿ ಇರಲಿ. ಉಳಿಯುವುದಾದರೆ ಇದಿಷ್ಟು ಬೇಕು, ಹೊರಡುವುದಾದರೂ ಬೇಕು. ಯಾವುದನ್ನು ಆರಿಸಬೇಕು ಎಂದು ನಾನು ಇಲ್ಲಿ ಕೂತು ಹೇಳಲಾರೆ.

ಮಗನ ಬಗ್ಗೆ ಬರೆದದ್ದನ್ನು ಎರಡು ಸಲ ಓದಿದೆ. ಅವನು ದೇವರನ್ನು ಬಿಟ್ಟಿದ್ದಾನೆ ಎಂದು ನಿಮಗೆ ಅನ್ನಿಸಿದೆ. ನನಗೆ ಅಷ್ಟು ಅವಸರದ ತೀರ್ಪು ಬೇಡ ಅನ್ನಿಸುತ್ತದೆ. ಹದಿನೇಳರ ಹುಡುಗ ಅಪ್ಪನ ಕೈಗೂ ಅಮ್ಮನ ಮುಖಕ್ಕೂ ನಡುವೆ ನಿಂತಿದ್ದಾನೆ. ಮರುದಿನ ಸಂಜೆ ಅದೇ ಹಾಲಿನಲ್ಲಿ, ಏನೂ ಆಗಿಲ್ಲ ಎಂಬಂತೆ, ಆಲ್ತಾರಿನ ಮುಂದೆ ದೀಪ ಹಚ್ಚಿ ಎಲ್ಲರೂ ಮೊಣಕಾಲೂರಿದ್ದೀರಿ. ಅವನಿಗೆ ಸಹಿಸಲಾಗದ್ದು ಪ್ರಾರ್ಥನೆಯಲ್ಲ, ಆ ‘ಏನೂ ಆಗಿಲ್ಲ’ ಎಂಬುದು.

ಇಂಥ ಮನೆಗಳ ಜಪಸರವನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಜಪಸರದ ಐದು ಭಾಗಗಳಾದ ಐದು ರಹಸ್ಯಗಳು ಮುಗಿದು, ದೇವಮಾತೆಯ ಸ್ತುತಿಮಾಲೆಯಾದ ಲಿತಾನಿಯೂ ಆದ ಮೇಲೆ ವಿಶೇಷ ಕೋರಿಕೆಗಳು ಶುರುವಾಗುತ್ತವೆ. ಅಜ್ಜಿ ಕಣ್ಣು ಮುಚ್ಚಿಕೊಂಡೇ ದನಿ ಏರಿಸಿ, ‘ಕುಡುಕರ ಮನಪರಿವರ್ತನೆಗಾಗಿ’ ಎನ್ನುತ್ತಾರೆ. ಸೊಸೆ ಅದಕ್ಕೆ ಉತ್ತರವಾಗಿ ‘ಸುಳ್ಳು ಹೇಳುವವರಿಗಾಗಿ’ ಎಂದು ಸೇರಿಸುತ್ತಾಳೆ. ಕುಡಿದು ಮೂಲೆಯ ಕುರ್ಚಿಯಲ್ಲಿ ಕೂತಿದ್ದವನು ಎದ್ದು ಹೊರಗೆ ಹೋಗುತ್ತಾನೆ, ಬೈಕ್ ಶುರುವಾಗುತ್ತದೆ. ಆ ಕೋರಿಕೆಗಳಲ್ಲಿ ಒಂದಾದರೂ ದೇವರನ್ನು ಉದ್ದೇಶಿಸಿದ್ದಲ್ಲ. ಒಬ್ಬರನ್ನೊಬ್ಬರು ನೇರವಾಗಿ ಬೈಯಲಾಗದೆ ದೇವಮಾತೆಯ ಮೂಲಕ ಬೈದದ್ದು. ನಿಮ್ಮ ಮನೆಯಲ್ಲಿ ಹೀಗಿಲ್ಲದಿದ್ದರೆ ಸಂತೋಷ. ಹೀಗಿದ್ದರೆ ಕೆಲವು ತಿಂಗಳು ಒಂದೇ ರಹಸ್ಯ, ಒಂದು ಪರಲೋಕ ಪ್ರಾರ್ಥನೆ, ಹತ್ತು ನಮೋ ಮರಿಯ, ಅಲ್ಲಿಗೆ ನಿಲ್ಲಿಸಿ. ಗಂಡನ ಹೆಸರೆತ್ತಿ ಗಟ್ಟಿಯಾಗಿ ಬೇಡುವುದು ಬೇಡ. ಅವರಿಗಾಗಿ ಬೇಡಬೇಕಾದದ್ದನ್ನು ನೀವೊಬ್ಬರೇ ಇರುವಾಗ ಬೇಡಿಕೊಳ್ಳಿ. ಅತ್ತೆಗೆ ಪೂರ್ತಿ ಜಪಸರ ಬೇಕೆಂದರೆ ಅವರು ಕೋಣೆಯಲ್ಲಿ ಹೇಳಿಕೊಳ್ಳಲಿ, ಅದನ್ನು ಯಾರೂ ತಡೆಯುವುದಿಲ್ಲ.

ಮಗನನ್ನು ಕೂರಿಸಲು ಒತ್ತಾಯ ಮಾಡಬೇಡಿ. ಆ ಹೊತ್ತಿಗೆ ಅವನು ಓದಿಕೊಳ್ಳಲಿ, ಆದರೆ ಊಟ ಒಟ್ಟಿಗೆ ಇರಲಿ. ಅದಕ್ಕಿಂತ ಮುಖ್ಯವಾಗಿ, ಅಪ್ಪ ಮಾಡಿದ್ದು ತಪ್ಪು ಎಂದು ನಿಮ್ಮ ಬಾಯಿಂದಲೇ ಅವನಿಗೆ ಹೇಳಿ. ನನ್ನನ್ನು ಕಾಯುವುದು ನಿನ್ನ ಕೆಲಸವಲ್ಲ, ಇನ್ನೊಮ್ಮೆ ಹಾಗಾದರೆ ನಡುವೆ ಬರಬೇಡ, ತಂಗಿಯನ್ನು ಕರೆದುಕೊಂಡು ಇಂಥವರ ಮನೆಗೆ ಹೋಗಿ ಫೋನ್ ಮಾಡು ಎಂದು ಸ್ಪಷ್ಟವಾಗಿ ತಿಳಿಸಿ. ಗಂಡುಮಗ ಬೆಳೆದಂತೆ ತಡೆಯುವ ಕೈ ಒಂದು ದಿನ ಹೊಡೆಯುವ ಕೈಯಾಗುತ್ತದೆ. ಆಗ ಪೊಲೀಸ್ ಠಾಣೆಯಲ್ಲಿ ಅವನ ಹೆಸರಿರುತ್ತದೆ. ಮಗಳಿಗೂ ಅದೇ ಮಾತು ಹೇಳಿ. ಇಂಥ ಮನೆಯಲ್ಲಿ ಕೋಪಿಸಿಕೊಳ್ಳುವ ಮಗುವಿನ ಮೇಲೆ ಎಲ್ಲರ ಕಣ್ಣಿರುತ್ತದೆ, ಸುಮ್ಮನಾದ ಮಗುವನ್ನು ‘ಪಾಪ, ಒಳ್ಳೆಯವಳು’ ಎಂದು ಬಿಟ್ಟುಬಿಡುತ್ತಾರೆ. ಶಾಲೆಯಲ್ಲಿ ನೀವು ಶಿಕ್ಷಕಿ; ಬೇರೆಯವರ ಮಗಳು ಹೀಗಿದ್ದರೆ ನೀವೇ ಕರೆದು ಮಾತನಾಡಿಸುತ್ತಿದ್ದಿರಿ.

ಹಾಗಾದರೆ ದೇವರಿಗೆ ಒಪ್ಪಿಸುವುದಕ್ಕೆ ಉಳಿದದ್ದು ಏನು? ಬಹಳ ಇದೆ, ಕಷ್ಟದ್ದೇ ಇದೆ. ಗಂಡ ಇವತ್ತು ಎಷ್ಟಕ್ಕೆ ಬರುತ್ತಾರೆ, ಕುಡಿದು ಬರುತ್ತಾರೋ ಇಲ್ಲವೋ, ಚಿಕಿತ್ಸೆಗೆ ಒಪ್ಪುತ್ತಾರೋ, ಒಪ್ಪಿದರೂ ಜಾರುತ್ತಾರೋ, ಊರಿನವರು ಏನೆನ್ನುತ್ತಾರೋ, ಇದೆಲ್ಲ ನಿಮ್ಮ ಕೈಯಲ್ಲಿಲ್ಲ. ನೀವು ಪ್ರತಿ ರಾತ್ರಿ ಬೈಕಿನ ಸದ್ದಿಗೆ ಕಿವಿಗೊಟ್ಟು ಕೂರುವುದು ಇದನ್ನೆಲ್ಲ ಕೈಯಲ್ಲಿ ಹಿಡಿಯುವ ಪ್ರಯತ್ನ. ಅದು ಪಾಪವಲ್ಲ, ಭಯ. ಆದರೆ ನೀವು ಎಚ್ಚರವಿದ್ದದ್ದರಿಂದ ಅವರು ಒಂದು ಗುಟುಕು ಕಡಿಮೆ ಕುಡಿದದ್ದುಂಟೇ? ಬ್ಯಾಗು ತಡಕುವುದು, ಬಾಟಲಿ ಲೆಕ್ಕವಿಡುವುದು, ಕೆಲಸಕ್ಕೆ ಹೋಗದ ದಿನ ಮೇಸ್ತ್ರಿಗೆ ಫೋನ್ ಮಾಡಿ ‘ಜ್ವರ’ ಎನ್ನುವುದು, ಸಾಲ ತೀರಿಸುವುದು, ಇವನ್ನು ಬಿಡುವುದೇ ಒಪ್ಪಿಸುವುದು. ಕುಡಿತದ ಪರಿಣಾಮ ಕುಡಿದವರಿಗೇ ತಟ್ಟಲಿ. ಫೋನ್ ಅವರ ಕೈಗೇ ಕೊಡಿ. ಸಂಬಳ ಕಡಿತವಾಗಬಹುದು, ಕೆಲಸವೇ ಹೋಗಬಹುದು, ಮನೆಗೆ ತೊಂದರೆಯೂ ಆದೀತು. ಈ ದಾರಿಯ ಅಪಾಯ ಅದು. ಆದರೆ ಸುಳ್ಳಿನ ಆಸರೆ ಇರುವವರೆಗೆ ‘ನನಗೆ ಚಿಕಿತ್ಸೆ ಬೇಕು’ ಎಂದು ಅವರಿಗೆ ಅನ್ನಿಸಲು ಕಾರಣವೇ ಇರುವುದಿಲ್ಲ.

ನಿಮ್ಮ ಊಟ, ನಿಮ್ಮ ನಿದ್ದೆ, ಮರುದಿನದ ಪಾಠದ ತಯಾರಿ, ಮಗಳ ಪರೀಕ್ಷೆ, ನಿಮ್ಮ ಮೈಯ ರಕ್ಷಣೆ, ಇವು ದೇವರು ನಿಮಗೆ ಕೊಟ್ಟ ಕೆಲಸಗಳು. ಇವನ್ನು ಅವರಿಗೆ ಹಿಂದಿರುಗಿಸಲು ಬರುವುದಿಲ್ಲ. 16ನೆಯ ಶತಮಾನದ ಆವಿಲಾದ ಸಂತ ತೆರೇಸಾ ತಮ್ಮ ಮಠದ ಸಹೋದರಿಯರಿಗೆ, ಅಡುಗೆಮನೆಯ ಪಾತ್ರೆಗಳ ನಡುವೆಯೂ ಪ್ರಭು ಓಡಾಡುತ್ತಾರೆ ಎಂದು ಹೇಳುತ್ತಿದ್ದರು. ಆಕೆ ಮಠಗಳನ್ನು ಕಟ್ಟಲು ಬಂಡಿಯಲ್ಲಿ ಊರೂರು ಅಲೆದು, ಸಾಲ ಮಾಡಿ, ಅಧಿಕಾರಿಗಳೊಂದಿಗೆ ಜಗಳವಾಡಿದ ಹೆಂಗಸು. ಶರಣಾದವರು ಹೀಗೂ ಇರುತ್ತಾರೆ.

ನಿಮ್ಮ ಧರ್ಮಕೇಂದ್ರದ ಫಾದರ್‌ಗೆ ಹೇಳುವುದು ಒಳ್ಳೆಯದು. ಪಾಪನಿವೇದನೆಯಲ್ಲಿ ಹೇಳಬೇಡಿ, ಅಲ್ಲಿ ಕೇಳಿದ್ದನ್ನು ಅವರು ಎಲ್ಲಿಯೂ ಬಳಸುವಂತಿಲ್ಲ. ಕಚೇರಿಯಲ್ಲಿ ಕೂತು, ಜೊತೆಗೆ ಒಬ್ಬ ಸಿಸ್ಟರ್ ಇರುವಾಗ ಹೇಳಿ. ಗಂಡನಿಗೆ ಉಪದೇಶ ಮಾಡಿ ಎಂದು ಕೇಳುವುದಕ್ಕಿಂತ, ಆಸ್ಪತ್ರೆಗೆ ಬರಲು ಒಪ್ಪಿಸಿ ಎಂದು ಕೇಳಿ. ‘ಹೊಂದಿಕೊಂಡು ಹೋಗಿ’ ಎಂಬ ಮಾತಷ್ಟೇ ಸಿಕ್ಕರೆ ನಮಸ್ಕಾರ ಹೇಳಿ ಎದ್ದು ಬನ್ನಿ, ಬೇರೆ ಫಾದರ್ ಇದ್ದಾರೆ.

ಗಂಡನೊಂದಿಗೆ ಮಾತನಾಡುವುದಾದರೆ ಅವರಿಗೆ ಅಮಲಿಲ್ಲದ ಹೊತ್ತು ನೋಡಿ. ಅವರಿಗೆ ಅಂಥ ಹೊತ್ತು ಕಡಿಮೆ, ಬಹುಶಃ ಭಾನುವಾರ ಬೆಳಿಗ್ಗೆ ನಡುಕ ಇಳಿದ ಮೇಲಿನ ಒಂದು ಗಂಟೆ. ಕೈ ನಡುಗುವುದರಿಂದಲೇ ಶುರುಮಾಡಿ; ಅದು ಅವರನ್ನೂ ಹೆದರಿಸುತ್ತಿರುತ್ತದೆ, ಅದರಲ್ಲಿ ದೂಷಣೆಯೂ ಇಲ್ಲ. ಅವರು ಒಪ್ಪದಿದ್ದರೂ ನೀವೊಬ್ಬರೇ ಮನೋವೈದ್ಯರನ್ನು ಕಾಣಬಹುದು, ಇದು ಬಹಳ ಜನರಿಗೆ ಗೊತ್ತಿಲ್ಲ. ಕಾರವಾರದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗವಿದೆ, ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆ ಇದೆ. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಹಗಲು ರಾತ್ರಿ ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ. ಹೋಗುವಾಗ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ: ದಿನಕ್ಕೆ ಎಷ್ಟು ಕುಡಿಯುತ್ತಾರೆ, ಬೆಳಿಗ್ಗೆ ಎಷ್ಟು ಹೊತ್ತಿಗೆ ಮೊದಲ ಗುಟುಕು, ಹಿಂದೆ ಎಂದಾದರೂ ಫಿಟ್ಸ್ ಬಂದಿತ್ತೇ, ಕಣ್ಣು ಹಳದಿಯಾಗಿತ್ತೇ, ರಕ್ತ ವಾಂತಿಯಾಗಿತ್ತೇ, ಬೇರೆ ಯಾವ ಔಷಧ ತೆಗೆದುಕೊಳ್ಳುತ್ತಾರೆ, ನಿಮ್ಮ ಮೇಲೆ ಕೈ ಮಾಡಿದ ದಿನಾಂಕಗಳು. ಪಕ್ಕದ ಮನೆಯವರು ಕೊಟ್ಟ ಮಾತ್ರೆಯ ಹೆಸರನ್ನೂ ಹಿಂದಿರುಗಿಸುವ ಮೊದಲು ಅದೇ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ, ವೈದ್ಯರು ಕೇಳುತ್ತಾರೆ.